ಕರಿಬಸವ ಕಾದ ಎಕ್ಕದ ಗಿಡಗಳು

ಸಿರುಗುಪ್ಪದ ಹೊರಗೆ, ಕಾಲುವೆಯ ತೂಬಿನ ಹತ್ತಿರ, ಕರಿಬಸವ ತನ್ನ ತಮ್ಮನ ಕಣ್ಣು ಕಳೆದದ್ದು ಬೆಳಗಿನ ಎಂಟು ಗಂಟೆಗೆ. ಸುತ್ತ ಏಳೆಂಟು ಜನ ನಿಂತಿದ್ದರು. ಬಿಡಿಸಲು ಯಾರೂ ಮುಂದೆ ಬರಲಿಲ್ಲ. ಕರಿಬಸವನ ಜಗಳದಲ್ಲಿ ನಡುವೆ ಹೋದವರಿಗೆ ಏನಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿತ್ತು.

ಆಗ ಅವನಿಗೆ ಮೂವತ್ತಾರು ವರ್ಷ. ಅಕ್ಕಿ ಗಿರಣಿಯಲ್ಲಿ ಹಮಾಲಿ. ತುಂಬಿದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹಲಗೆ ಹತ್ತಿ ಲಾರಿಗೆ ಒಗೆಯುವ ಮೈ. ಆ ಮೈಯನ್ನು ಅವನು ಎಲ್ಲೆಲ್ಲಿಯೋ ಬಳಸಿದ್ದ. ಗಿರಣಿಯ ಮೇಸ್ತ್ರಿಯೊಬ್ಬನ ದವಡೆ ಮುರಿದಿದ್ದ. ಬಸ್‌ ಸ್ಟ್ಯಾಂಡಿನಲ್ಲಿ ಆಟೊದವನೊಬ್ಬನ ತಲೆಯನ್ನು ಹಿಡಿದು ಅವನದೇ ಆಟೊದ ಕಂಬಿಗೆ ಗುದ್ದಿಸಿದ್ದ. ಹೆಂಡತಿ ಗಂಗೋತ್ರಿ ಮದುವೆಯಾದ ಎರಡನೇ ವರ್ಷ, ಮುರಿದ ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು ಆದೋನಿಯ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕರೆಯಲು ಹೋದಾಗ ಅವಳ ಅಪ್ಪ ತೆಲುಗಿನಲ್ಲಿ ಒಂದೇ ಮಾತು ಹೇಳಿ ಬಾಗಿಲು ಹಾಕಿಕೊಂಡ: “ಮಾ ಪಿಲ್ಲನಿ ಚಂಪಡಾನಿಕಿ ಇವ್ವಲೇದು.” ಕೊಲ್ಲಲೆಂದು ಮಗಳನ್ನು ಕೊಡಲಿಲ್ಲ ಎಂದು.

ತಂದೆ ಬಿಟ್ಟುಹೋದ ಗದ್ದೆಯನ್ನು ಅಣ್ಣತಮ್ಮಂದಿರು ಸಮ ಮಾಡಿಕೊಂಡಿದ್ದರು. ತಮ್ಮ ಹುಲುಗೇಶ್ ಆರು ವರ್ಷ ಚಿಕ್ಕವನು. ಮಾತಿನಲ್ಲಿ ಚುರುಕು, ಅಣ್ಣನಿಗೆ ಹೆದರುವವನಲ್ಲ. ತೂಬಿನ ನೀರು ಸೋಮವಾರ ಅಣ್ಣನಿಗೆ, ಮಂಗಳವಾರ ತಮ್ಮನಿಗೆ. ಆ ಸೋಮವಾರ ಕರಿಬಸವ ಹೋಗಿ ನೋಡಿದರೆ ನೀರು ತಮ್ಮನ ಗದ್ದೆಗೆ ಹರಿಯುತ್ತಿತ್ತು. ಕೇಳಿದ್ದಕ್ಕೆ ಹುಲುಗೇಶ್, “ನಾ ಮುಟ್ಟಿಲ್ಲ, ನೀರಗಂಟಿನ್ನ ಕೇಳು” ಅಂದ. ಕರಿಬಸವ ಕೆನ್ನೆಗೆ ಹೊಡೆದ. ಹುಲುಗೇಶ್ ಸಲಿಕೆಯ ಕಾವಿನಿಂದ ಅಣ್ಣನ ಕಿವಿಯ ಮೇಲೆ ಬಾರಿಸಿದ. ಕಿವಿಯಿಂದ ರಕ್ತ ಬಂತು.

ಬದುವಿನ ಮೇಲೆ ಎಕ್ಕದ ಗಿಡಗಳಿದ್ದವು. ಕರಿಬಸವ ಹೆಬ್ಬೆರಳು ದಪ್ಪದ ಒಂದು ಟೊಂಗೆ ಮುರಿದು ತಮ್ಮನನ್ನು ಬಡಿಯತೊಡಗಿದ. ಎಕ್ಕದ ಟೊಂಗೆ ಮೆತ್ತಗೆ. ಎರಡು ಏಟಿಗೆ ತುಂಡಾಯಿತು. ತುಂಡಿನಿಂದ ಹಾಲು ಸುರಿಯುತ್ತಿತ್ತು. ಅದನ್ನು ಕಂಡದ್ದೇ ಅವನಿಗೆ ಆ ಯೋಚನೆ ಬಂತು. ತಮ್ಮನನ್ನು ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ರೆಪ್ಪೆಗಳನ್ನು ಬೆರಳಿಂದ ಅಗಲಿಸಿ, ಮೊದಲು ಬಲಗಣ್ಣಿಗೆ, ಆಮೇಲೆ ಎಡಗಣ್ಣಿಗೆ ಹಾಲು ಹಿಂಡಿದ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ ಎಂದು ಆ ಕಡೆಯ ಹಳ್ಳಿಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಸಿಟ್ಟಿನ ಭರದಲ್ಲಿ ಆದದ್ದು ಎಂದು ವಕೀಲರು ಆಮೇಲೆ ವಾದಿಸಿದರು. ಇದನ್ನು ಬರೆಯುತ್ತಿರುವ ನನಗೆ ಕರಿಬಸವ ವರ್ಷಗಳ ಮೇಲೆ ಹೇಳಿದ್ದು ಬೇರೆ: “ಸಿಟ್ಟು ಇತ್ತು, ಖರೆ. ಆದ್ರ ಕೈ ನಡುಗಿರಲಿಲ್ಲ.”

ಹುಲುಗೇಶ್‌ಗೆ ಆಗ ನೋವೇ ಆಗಲಿಲ್ಲ. ಆ ಹಾಲಿನ ಮೋಸ ಅದು. ಕಣ್ಣನ್ನು ಮೊದಲು ಮರಗಟ್ಟಿಸುತ್ತದೆ. ಎದ್ದು ನಿಂತು, ಮುಖ ಒರೆಸಿಕೊಂಡು, “ಏನಾತಲೇ? ಏನೂ ಆಗ್ಲಿಲ್ಲ ನೋಡು” ಎಂದು ನಕ್ಕು ಮನೆಗೆ ಹೋದ. ಮಧ್ಯಾಹ್ನಕ್ಕೆ ಎದುರಿಗಿದ್ದ ಹೆಂಡತಿ ಮೀನಾಕ್ಷಿಯ ಮುಖ ಮಂಜಿನೊಳಗೆ ಹೋಯಿತು. ಯಾರೋ ಹೇಳಿದ ಸೊಪ್ಪಿನ ರಸ ಬಿಟ್ಟರು. ಮೂರನೇ ದಿನ ಬಳ್ಳಾರಿಗೆ ಕರೆದೊಯ್ಯುವಷ್ಟರಲ್ಲಿ ಬಲಗಣ್ಣು ಕೀವು ತುಂಬಿ ಬಾತಿತ್ತು. ಎಡಗಣ್ಣು ಉಳಿಯಿತು. ಬಲಗಣ್ಣು ಬೇಯಿಸಿದ ಮೊಟ್ಟೆಯಂತೆ ಬೆಳ್ಳಗಾಗಿ ನಿಂತುಹೋಯಿತು.

ವಿಚಾರಣೆಯಲ್ಲಿ, ಕಾಲುವೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರಗಂಟಿ ಹೇಳಿಕೆ ಕೊಟ್ಟ: ಅಂದು ವಾರ ತಪ್ಪಿ ತೂಬು ತಿರುಗಿಸಿದ್ದು ತಾನೇ ಎಂದು. ಕರಿಬಸವ ಅದನ್ನು ಕಟಕಟೆಯಲ್ಲಿ ನಿಂತು ಕೇಳಿದ.

ನಾಲ್ಕು ವರ್ಷ ಶಿಕ್ಷೆಯಾಯಿತು. ಒಳಗೆ ಮೊದಲ ವರ್ಷವೆಲ್ಲ ಹೊಡೆದಾಡಿದ. ಎರಡನೇ ವರ್ಷ ಬಚ್ಚಲಲ್ಲಿ ಇಬ್ಬರು ಕೈದಿಗಳು ಸೇರಿ ಅವನ ಮೂರು ಪಕ್ಕೆಲುಬು ಮುರಿದರು. ಉಸಿರಾಡಿದರೆ ನೋವು, ಮಲಗಿದರೆ ನೋವು. ಆ ಎರಡು ತಿಂಗಳಲ್ಲಿ ಅವನು ಸುಮ್ಮನಾದ. ಬಿಡುಗಡೆಯ ದಿನ ತಾಯಿ ಸಾವಂತ್ರಮ್ಮ ಒಬ್ಬಳೇ ಬಂದಿದ್ದಳು. ಕೈಯಲ್ಲಿ ರೊಟ್ಟಿಗಂಟು.

“ಸಿರುಗುಪ್ಪಕ್ಕ ಬರಬ್ಯಾಡಪ್ಪ” ಅಂದಳು. “ಅಂವ ಮಚ್ಚು ಮಸಿದು ಇಟ್ಟಾನ. ದಿನಾ ಮಸೀತಾನ, ನಾ ನೋಡೀನಿ.”

“ಎಲ್ಲಿಗಿ ಹೋಗ್ಲಿ ಯವ್ವಾ?”

“ಎಲ್ಲಿಗ್ಯಾರ ಹೋಗು. ಬದುಕಿರು.”

ಅವನು ಕುರುಗೋಡಿಗೆ ಹೋದ. ಗುಡ್ಡದ ಬುಡದಲ್ಲಿ ಕಲ್ಲು ಒಡೆಯುವ ಅಂಗಳವೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಯಾರಿಗೂ ಅವನ ಹಿಂದಿನದು ಗೊತ್ತಿರಲಿಲ್ಲ. ಯಾರಾದರೂ ದನಿ ಏರಿಸಿದರೆ ಅವನು ಸುತ್ತಿಗೆ ಕೆಳಗಿಟ್ಟು ದೂರ ಹೋಗಿ ನಿಲ್ಲುತ್ತಿದ್ದ. ಅಂಜುಬುರುಕ ಎಂದು ಹೆಸರಾಯಿತು. ಅಂಗಳದ ಹಿಂದೆ ಬಂಜರು ಜಾಗದಲ್ಲಿ ಆಳೆತ್ತರದ ಎಕ್ಕದ ಗಿಡಗಳು ದಂಡಿಯಾಗಿದ್ದವು. ಅವನು ಆ ಕಡೆ ಬೆನ್ನು ಮಾಡಿ ಕೂತು ಉಣ್ಣುತ್ತಿದ್ದ.

ಒಂದು ಬೆಳಗ್ಗೆ ಆ ಗಿಡಗಳ ನಡುವೆ ಒಬ್ಬ ಹೆಂಗಸು ಬಗ್ಗಿ ಎಲೆ ಮುರಿಯುತ್ತಿದ್ದುದನ್ನು ಕಂಡ. ಕೈಗೆ ರಬ್ಬರಿನ ಗವಸು, ಕನ್ನಡಕ ಹಣೆಯ ಮೇಲೆ. ಗವಸಿನ ಬೆರಳು ಹರಿದು ಹಾಲು ಜಿನುಗುತ್ತಿತ್ತು. ಅವಳು ಬೆವರೊರೆಸಲು ಆ ಕೈಯನ್ನೇ ಕಣ್ಣಿಗೆ ಎತ್ತಿದಳು. ಕರಿಬಸವ ಓಡಿಹೋಗಿ ಅವಳ ಮುಂಗೈ ಹಿಡಿದು ತಿರುಚಿದ. ಅವಳು ಚೀರಿದಳು. ಕಲ್ಲಿನಂಗಳದ ಇಬ್ಬರು ಓಡಿ ಬಂದು, ಏನು ಎತ್ತ ಕೇಳದೆ, ಅವನನ್ನು ನೆಲಕ್ಕೆ ಕೆಡವಿ ಒದ್ದರು. ಅವನು ಕೈ ಎತ್ತಲಿಲ್ಲ. ಬಾಯಿಗೆ ಬಂದ ರಕ್ತ ಉಗುಳಿ, “ಹಾಲು ಕಣ್ಣಿಗಿ ಹಚ್ಚಿಕೊಳ್ತಿದ್ರು, ಅದಕ್ಕ ಹಿಡಿದೆ” ಅಂದ.

ಅವಳ ಹೆಸರು ಸುಪ್ರಜಾ. ಬಳ್ಳಾರಿಯ ಸತ್ಯನಾರಾಯಣಪೇಟೆಯವಳು, ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಳು. ಎಕ್ಕದ ಹುಳಗಳು ಗಿಡದ ವಿಷವನ್ನು ಹೇಗೆ ತಮ್ಮದಾಗಿ ಮಾಡಿಕೊಳ್ಳುತ್ತವೆ ಎಂಬುದು ಅವಳ ಸಂಶೋಧನೆ. ಕುಡತಿನಿ ಹಾದಿಯಲ್ಲೊಂದು, ಮೋಕದ ಹತ್ತಿರ ಒಂದು, ಇಲ್ಲೊಂದು ಎಂದು ಮೂರು ಜಾಗ ಗುರುತು ಮಾಡಿಕೊಂಡಿದ್ದಳು. ದಿನಾ ಬರಲಾಗದು, ನೋಡಿಕೊಳ್ಳುವವರು ಬೇಕಿತ್ತು. ಎಕ್ಕದ ಗಿಡ ಮುಟ್ಟಲು ಯಾರೂ ಒಪ್ಪಿರಲಿಲ್ಲ. ಒಡೆದ ತುಟಿಯ ಕರಿಬಸವನನ್ನು ನೋಡಿ, “ನಿಮಗ ಇದರ ಬಗ್ಗೆ ಗೊತ್ತದ ಅಲ್ರಿ?” ಅಂದಳು.

“ಗೊತ್ತೈತ್ರಿ” ಅಂದ ಕರಿಬಸವ. ಆ ಕೆಲಸ ಅವನಿಗೇ ಸಿಕ್ಕಿತು.

ಬೆಳಗ್ಗೆ ಎರಡು ತಾಸು ಗಿಡಗಳ ಹತ್ತಿರ, ಆಮೇಲೆ ಕಲ್ಲು. ಒಂದೊಂದು ಗಿಡಕ್ಕೂ ನಂಬರಿನ ತಗಡು ಕಟ್ಟಿದ್ದರು. ಎಷ್ಟು ಮೊಟ್ಟೆ, ಎಷ್ಟು ಹುಳ, ಎಷ್ಟು ಸತ್ತವು ಎಂದು ಅವನು ಫೋನಿನಲ್ಲಿ ಹೇಳಬೇಕು. ಅವನು ಹಾಕಿದ್ದು ಒಂದೇ ಷರತ್ತು: ಎರಡು ದೊಡ್ಡ ಕ್ಯಾನು ಸಿಹಿನೀರು ಯಾವಾಗಲೂ ಅಲ್ಲಿ ತುಂಬಿರಬೇಕು. ಇಷ್ಟು ನೀರು ಏಕೆ ಎಂದು ಸುಪ್ರಜಾ ಕೇಳಿದ್ದಕ್ಕೆ, “ಇರ್ಲಿ ಬಿಡ್ರಿ” ಅಂದ.

ಮೊದಲ ವಾರ ಅವನು ಕಂಡದ್ದೆಲ್ಲ ಸಾವು. ಕಿತ್ತಳೆ ಬಣ್ಣದ ಪಾತರಗಿತ್ತಿ ಎಲೆಗೊಂದರಂತೆ ಮೊಟ್ಟೆ ಇಟ್ಟು ಹೋಗುತ್ತಿತ್ತು. ಎಳ್ಳಿನಷ್ಟು ಹುಳ ಹೊರಬಂದು ಮೊದಲು ಮೊಟ್ಟೆಯ ಸಿಪ್ಪೆ ತಿಂದು, ಆಮೇಲೆ ಎಲೆಗೆ ಬಾಯಿ ಹಾಕುತ್ತಿತ್ತು. ಹಾಲು ಉಕ್ಕುತ್ತಿತ್ತು. ಎಷ್ಟೋ ಹುಳಗಳು ಆ ಮೊದಲ ತುತ್ತಿಗೇ ಹಾಲಿನಲ್ಲಿ ಅಂಟಿಕೊಂಡು, ದವಡೆ ಬಿಗಿದು, ಮಧ್ಯಾಹ್ನದ ಬಿಸಿಲಿಗೆ ಒಣಗಿ ಸಾಯುತ್ತಿದ್ದವು. ಉಳಿದವು ಬೆಳೆದವು: ಬಿಳಿ ಮೈಯ ಮೇಲೆ ಕಪ್ಪು ಹಳದಿ ಪಟ್ಟೆ, ಬೆನ್ನ ಮೇಲೆ ಕಪ್ಪು ಕೊಂಬಿನಂಥ ಎಳೆಗಳು. ಬಲಿತ ಹುಳ ನೇರ ಎಲೆಗೆ ಬಾಯಿ ಹಾಕುತ್ತಿರಲಿಲ್ಲ. ಬುಡದ ದಪ್ಪ ನರಕ್ಕೆ ಹಲ್ಲು ಹಾಕಿ ಕಡಿಯುತ್ತಿತ್ತು. ಹಾಲು ಅಲ್ಲೇ ಸುರಿದು ಹೋಗುತ್ತಿತ್ತು, ಎಲೆ ಜೋಲುತ್ತಿತ್ತು. ಆಮೇಲೆ ಆ ಜೋತ ಎಲೆಯನ್ನು ತುದಿಯಿಂದ ನಿರಾಳವಾಗಿ ಮೇಯುತ್ತಿತ್ತು.

“ಹಾಲು ಬಿಟ್ಟು ತಿಂತೈತಿ” ಎಂದು ಕರಿಬಸವ ಹೇಳಿದಾಗ ಸುಪ್ರಜಾ ಹೌದೆಂದು ತಲೆಯಾಡಿಸಿದಳು.

“ಹಾಲು ಸುರಿದ್ರೂ ಎಲಿಯೊಳಗ ವಿಷ ಇದ್ದೇ ಇರ್ತದ. ಅದನ್ನ ತಿಂದು ಮೈಯಾಗ ಕೂಡಿಟ್ಕೋತದ. ಪಾತರಗಿತ್ತಿ ಆದ ಮ್ಯಾಲೂ ಮೈಯಾಗ, ರೆಕ್ಕಿಯೊಳಗ ಇರ್ತದ.”

“ತಾನ ಯಾಕ ಸಾಯಂಗಿಲ್ರಿ?”

“ನಮ್ಮ ಮೈಯಾಗ ಈ ವಿಷ ಹೋಗಿ ಕೂಡೋ ಒಂದು ಜಾಗ ಅದ. ಅಲ್ಲಿ ಕೂತ್ರ ವಾಂತಿ ಆಗ್ತದ, ಎದಿ ಬಡಿತ ತಪ್ತದ. ಈ ಹುಳದ ಮೈಯಾಗ ಆ ಜಾಗ ಸ್ವಲ್ಪ ಬ್ಯಾರೆ ಥರ ಅದ. ವಿಷಕ್ಕ ಅಲ್ಲಿ ಗಟ್ಟಿ ಕೂಡಲಿಕ್ಕೆ ಆಗಂಗಿಲ್ಲ.”

ಮರುದಿನವೇ ಅವನು ಆ ವಿಷದ ಕೆಲಸವನ್ನು ಕಣ್ಣಾರೆ ನೋಡಿದ. ಎಳೆಯ ಗೊರವಂಕವೊಂದು ಬಂದು ದಪ್ಪ ಹುಳವನ್ನು ಕಚ್ಚಿ, ಕಲ್ಲಿಗೆ ಬಡಿದು ನುಂಗಿತು. ಸ್ವಲ್ಪ ಹೊತ್ತಿಗೆ ಕತ್ತು ಚಾಚಿ, ಮೈ ಕೊಡವಿ, ಮೂರು ಸಲ ಕಾರಿಕೊಂಡಿತು. ಕೊಕ್ಕನ್ನು ಕಲ್ಲಿಗೆ ಉಜ್ಜಿ ಉಜ್ಜಿ ಒರೆಸಿತು. ಆ ಹಕ್ಕಿ ಮತ್ತೆ ಎಕ್ಕದ ಹುಳ ಮುಟ್ಟಿದ್ದನ್ನು ಅವನು ಕಾಣಲಿಲ್ಲ. ಹೀಗೆ ಒಂದು ಹುಳ ಸತ್ತು ಹತ್ತು ಹುಳ ಉಳಿಯುತ್ತವೆ ಎಂದು ಸುಪ್ರಜಾ ಹೇಳಿದಳು. ಎಲ್ಲ ಹುಳಗಳ ಮೈಯಲ್ಲಿ ವಿಷ ಒಂದೇ ಸಮ ಇರುವುದಿಲ್ಲ, ಕೆಲವುಗಳಲ್ಲಿ ಏನೂ ಇರುವುದಿಲ್ಲ. ಅವುಗಳನ್ನೂ ಹಕ್ಕಿ ಪಟ್ಟೆ ನೋಡಿಯೇ ಬಿಟ್ಟುಬಿಡುತ್ತದೆ. ಯಾವ ಗಿಡದ ಹುಳದಲ್ಲಿ ಎಷ್ಟು ವಿಷ ಎಂದು ಅಳೆಯುವುದೇ ಅವಳ ಕೆಲಸ.

“ಹಂಗಾರ ಇದನ್ನ ಯಾರೂ ಕೊಲ್ಲಂಗಿಲ್ಲ” ಅಂದ ಕರಿಬಸವ.

“ಕೊಲ್ತಾವ. ನೋಡ್ತಾ ಇರ್ರಿ.”

ಕಡಜ ಬಂತು. ಅದಕ್ಕೆ ಪಟ್ಟೆಯ ಭಯವಿರಲಿಲ್ಲ. ಹುಳವನ್ನು ನಡುವೆ ಕಚ್ಚಿ ಸೀಳಿ, ಹಸಿರು ಕರುಳನ್ನು ಹೊರಗೆಳೆದು ಬಿಸಾಡಿ, ಮಾಂಸವನ್ನು ಮಾತ್ರ ಉಂಡೆ ಕಟ್ಟಿ ಹೊತ್ತೊಯ್ದಿತು. ಬೂದು ನೊಣ ಬಂತು. ಅದು ಮೊಟ್ಟೆ ಇಟ್ಟ ಹುಳ ಏನೂ ಆಗದಂತೆ ತಿಂದು ಬೆಳೆದು ಗೂಡು ಕಟ್ಟಿಕೊಂಡಿತು. ಒಂದು ಬೆಳಗ್ಗೆ ಆ ಹಸಿರು ಗೂಡು ಕಪ್ಪಾಗಿ, ಅದರಿಂದ ಲೋಳೆಯ ದಾರ ಇಳಿದು, ದಾರದ ಜೊತೆ ನೊಣದ ಬಿಳಿಹುಳುಗಳು ನೆಲಕ್ಕೆ ಜಾರಿದವು. ಗೂಡಿನೊಳಗೆ ಬರಿ ಸಿಪ್ಪೆ. ಕರಿಬಸವ ಪ್ರತಿಯೊಂದನ್ನೂ ಫೋನಿನಲ್ಲಿ ವರದಿ ಮಾಡಿದ. ರಕ್ತ ಕಂಡರೆ ಹೆದರುವ ಮನುಷ್ಯ ಅವನಲ್ಲ, ಆದರೂ ಆ ದಿನಗಳಲ್ಲಿ ಊಟ ಕಡಿಮೆ ಮಾಡಿದ್ದ.

ಎರಡನೇ ವರ್ಷದ ಬೇಸಿಗೆಯಲ್ಲಿ ಒಂದು ಗಿಡದಲ್ಲಿ ಎಲೆ ತೀರಿಹೋಯಿತು. ಬೋಳು ಟೊಂಗೆಯ ಮೇಲೆ ಬಲಿತ ಹುಳವೊಂದು ಚಿಕ್ಕ ಹುಳವನ್ನು ಬಾಲದ ಕಡೆಯಿಂದ ತಿನ್ನುತ್ತಿತ್ತು. ಚಿಕ್ಕದು ಇನ್ನೂ ಜೀವಂತವಿತ್ತು, ಮುಂಗಾಲುಗಳಿಂದ ಟೊಂಗೆ ಹಿಡಿದುಕೊಂಡಿತ್ತು. ಕರಿಬಸವ ಒಂದು ಕ್ಷಣ ನೋಡಿದವನು ದೊಡ್ಡದನ್ನು ಕಿತ್ತು ಕಲ್ಲಿನ ಮೇಲಿಟ್ಟು ಹಿಮ್ಮಡಿಯಿಂದ ಅರೆದ. ಒಂದೇ ಸಲವಲ್ಲ, ಕಲೆಯೂ ಉಳಿಯದ ಹಾಗೆ ಅರೆಯುತ್ತಲೇ ಇದ್ದ.

ಸುಪ್ರಜಾ ಹಿಂದೆಯೇ ನಿಂತಿದ್ದಳು. “ಏನ್ ಮಾಡ್ಲಿಕತ್ತೀರಿ? ಅದು ನನ್ನ ಎಣಿಕಿಯೊಳಗಿನ ಹುಳ.”

“ಒಡಹುಟ್ಟಿದ್ದನ್ನ ತಿನ್ನಾಕತ್ತಿತ್ರಿ.”

“ಒಡಹುಟ್ಟಿದ್ದೋ ಅಲ್ಲೋ ಅದಕ್ಕೇನು ಗೊತ್ತು? ಹಸಿವು. ಅದರ ತಪ್ಪಲ್ಲ.” ಅವಳ ದನಿ ಗಡುಸಾಗಿತ್ತು. “ನಿಮ್ಮ ಸಿಟ್ಟು ಇಲ್ಲಿ ತರಬ್ಯಾಡ್ರಿ.”

ಕರಿಬಸವ ತಲೆ ತಗ್ಗಿಸಿದ. ಮೈಯೊಳಗೆ ಹಳೆಯದು ಹಾಗೇ ಇದೆ ಎಂದು ತಿಳಿದದ್ದು ಅಂದು ಎಂದು ಅವನು ನನಗೆ ಹೇಳಿದ. ಆ ಮಧ್ಯಾಹ್ನ ಅವನು ಕಲ್ಲಿನ ಕೆಲಸಕ್ಕೆ ಹೋಗಲಿಲ್ಲ.

ಈ ನಡುವೆ ಸಾವಂತ್ರಮ್ಮ ತಿಂಗಳಿಗೊಮ್ಮೆ ಕುರುಗೋಡಿನ ಬಸವಣ್ಣನಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದು, ದೊಡ್ಡ ಮಗನಿಗೆ ರೊಟ್ಟಿ, ಶೇಂಗಾ ಪುಡಿ ಕೊಟ್ಟು ಹೋಗುತ್ತಿದ್ದಳು. ಅವನು ತಮ್ಮನ ಬಗ್ಗೆ ಕೇಳುತ್ತಿದ್ದ. ಹುಲುಗೇಶ್‌ಗೆ ಎಡಗಣ್ಣೊಂದರಿಂದ ದೂರ ಅಂದಾಜಾಗದೆ ಎರಡು ಸಲ ಟ್ರ್ಯಾಕ್ಟರು ಕಾಲುವೆಗೆ ಇಳಿದದ್ದು, ಮಗಳು ಅವನ ಬಿಳಿಗಣ್ಣಿಗೆ ಹೆದರಿ ತೊಡೆಯ ಮೇಲೆ ಕೂಡದಿದ್ದದ್ದು, ಎಲ್ಲವನ್ನೂ ಅವಳು ಮುಚ್ಚಿಡದೆ ಹೇಳುತ್ತಿದ್ದಳು. ಕೇಳಲಿ ಎಂದೇ ಹೇಳುತ್ತಿದ್ದಳೇನೋ.

ಮೂರನೇ ವರ್ಷದ ಜನವರಿಯಲ್ಲಿ ಅಕ್ಕಿ ಲಾರಿಯ ಡ್ರೈವರೊಬ್ಬ ಅವಳನ್ನು ಕಲ್ಲಿನಂಗಳದ ಮುಂದೆ ಕಂಡು, ಸಿರುಗುಪ್ಪದಲ್ಲಿ ಬಾಯಿಬಿಟ್ಟ. ಹುಲುಗೇಶ್ ತಾಯಿಯನ್ನು ಏನೂ ಕೇಳಲಿಲ್ಲ. ಮರುದಿನ ಮಚ್ಚನ್ನು ಗೋಣಿಚೀಲದಲ್ಲಿ ಸುತ್ತಿ ಬೈಕಿಗೆ ಕಟ್ಟಿದ.

ಅವನು ಬಂದಾಗ ಬೆಳಗಿನ ಹತ್ತು. ಸುಪ್ರಜಾ ಹುಳಗಳನ್ನು ತೂಗಿ ಬರೆದುಕೊಳ್ಳುತ್ತಿದ್ದಳು. ಕರಿಬಸವ ಎಲೆ ತಿರುವಿ ನೋಡುತ್ತಿದ್ದ. ಬೈಕು ನಿಂತ ಸದ್ದಿಗೆ ತಿರುಗಿದ. ಏಳು ವರ್ಷದ ಮೇಲೆ ತಮ್ಮನ ಮುಖ. ಬಲಗಣ್ಣಿನ ಬಿಳುಪನ್ನು ಅವನು ನೋಡಿದ್ದು ಕೋರ್ಟಿನಲ್ಲಿ, ದೂರದಿಂದ. ಹತ್ತಿರದಿಂದ ಈಗಲೇ.

“ಅವ್ವನ ಕೈಲೆ ರೊಟ್ಟಿ ತರಿಸ್ಕೊಂಡು ತಿಂತೀ ಏನಲೇ” ಅಂದ ಹುಲುಗೇಶ್.

“ಹುಲುಗ್ಯಾ, ಮೇಡಂ ಅದಾರ. ಅವರನ್ನ ಕಳಿಸ್ತೀನಿ. ಆಮ್ಯಾಲ ಏನ್ ಬೇಕಾದ್ರೂ ಮಾಡು.”

ಹುಲುಗೇಶ್ ಮಾತು ಮುಗಿಯಗೊಡಲಿಲ್ಲ. ಮೊದಲ ಏಟಿಗೆ ಕರಿಬಸವ ಎಡಗೈ ಅಡ್ಡ ಹಿಡಿದ. ಕಿರುಬೆರಳು, ಉಂಗುರಬೆರಳು ಎರಡೂ ಬುಡಸಮೇತ ಹಾರಿಹೋದವು. ಎರಡನೇ ಏಟು ಭುಜಕ್ಕೆ ಕೂತು ಎಲುಬಿಗೆ ತಾಗಿತು. ಕರಿಬಸವ ಹಿಂದೆ ಹಿಂದೆ ಸರಿಯುತ್ತ ಎಕ್ಕದ ಗಿಡಗಳ ಮಧ್ಯೆ ಹೋದ. ಒಂದು ಕಣ್ಣಿನವನಿಗೆ ಅಳತೆ ಸಿಗಲಿಲ್ಲ. ಮಚ್ಚು ಎಡಕ್ಕೆ ಬಲಕ್ಕೆ ಬೀಸಿ ಗಿಡಗಳನ್ನು ಕತ್ತರಿಸುತ್ತ ಬಂತು. ಆಳೆತ್ತರದ ಟೊಂಗೆಗಳು ಕಡಿದು ಬಿದ್ದವು. ಹಾಲು ಚಿಮ್ಮಿತು. ಹುಲುಗೇಶನ ತೋಳಿನ ಮೇಲೆ, ಮೀಸೆಯ ಮೇಲೆ, ಹಣೆಯ ಮೇಲೆ. ಅವನ ಎಡಗಣ್ಣಿನ ರೆಪ್ಪೆಯಲ್ಲಿ ಬಿಳಿ ಹನಿಗಳು ತೊಟ್ಟಿಕ್ಕುತ್ತಿದ್ದುದನ್ನು ಕರಿಬಸವ ಕಂಡ. ಹುಲುಗೇಶ್‌ಗೆ ಅದು ಗೊತ್ತೇ ಆಗಿರಲಿಲ್ಲ. ಬೆವರೆಂದುಕೊಂಡು ತೋಳಿನಿಂದ ಒರೆಸಿಕೊಂಡ, ತೋಳಿನ ಹಾಲೂ ಕಣ್ಣಿಗೆ ಸೇರಿತು.

ಅಲ್ಲಿಯತನಕ ಹಿಂದೆ ಸರಿಯುತ್ತಿದ್ದ ಕರಿಬಸವ ಮುಂದೆ ನುಗ್ಗಿದ. ಮೂರನೇ ಏಟು ಬೆನ್ನನ್ನು ಸೀಳಿತು. ಅವನು ತಮ್ಮನ ಸೊಂಟ ತಬ್ಬಿ ನೆಲಕ್ಕೆ ಕೆಡವಿದ, ಮಣಿಕಟ್ಟನ್ನು ಕಲ್ಲಿಗೆ ಬಡಿದು ಮಚ್ಚು ಬಿಡಿಸಿದ, ಎದೆಯ ಮೇಲೆ ಮೊಣಕಾಲೂರಿದ.

“ಮೇಡಂ, ನೀರು. ಕ್ಯಾನ್ ತರ್ರಿ. ಲಗೂನ.”

ಮುಖದ ಮೇಲೆ ಅಣ್ಣನ ಕೈ ಬಂದದ್ದೇ ಹುಲುಗೇಶನ ದನಿ ಬದಲಾಯಿತು. ಕೊಲ್ಲಲು ಬಂದವನು ಅಳತೊಡಗಿದ. “ಬ್ಯಾಡೋ ಅಣ್ಣಾ. ಇದೊಂದ ಐತೋ. ಇದೊಂದ ಬಿಡೋ.”

“ಹಾಲು ಬಿದ್ದೈತಿ. ತೊಳೀಬೇಕು. ಕಣ್ಣು ತೆಗಿ.”

ಹುಲುಗೇಶ್‌ಗೆ ಆ ಮಾತು ಕಿವಿಗೆ ಬೀಳಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ, ಸಿಕ್ಕ ಮುಂಗೈಯನ್ನು ಕಚ್ಚಿದ. ಹಲ್ಲು ಮಾಂಸದೊಳಗೆ ಇಳಿದವು. ಕರಿಬಸವ ಕೈ ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ, ಮೂರೇ ಬೆರಳಿದ್ದ ಕೈಯಲ್ಲಿ, ತಮ್ಮನ ಕೆನ್ನೆಗೆ ಜೋರಾಗಿ ಬಾರಿಸಿದ. ತಲೆ ಕಲ್ಲಿಗೆ ತಾಗಿತು. ಕ್ಷಣಮಾತ್ರ ಬಿಗಿ ಸಡಿಲಿತು. ಅಷ್ಟರಲ್ಲಿ ರೆಪ್ಪೆ ಅಗಲಿಸಿದ. ಸುಪ್ರಜಾ ಕ್ಯಾನು ಬಗ್ಗಿಸಿದಳು. ಅರ್ಧ ನೀರು ನೆಲಕ್ಕೆ ಹೋಯಿತು. ಅಣ್ಣನ ಬೆರಳಿನ ರಕ್ತ ನೀರಿನ ಜೊತೆ ತಮ್ಮನ ಮುಖದ ಮೇಲೆಲ್ಲ ಹರಿಯಿತು.

ಕಲ್ಲಿನಂಗಳದಿಂದ ಓಡಿ ಬಂದವರು, ಎದೆಯ ಮೇಲೆ ಕೂತವನೇ ಕೊಲೆಗಾರನೆಂದು, ಸುತ್ತಿಗೆಯ ಕಾವಿನಿಂದ ಕರಿಬಸವನ ಸೀಳಿದ ಬೆನ್ನಿಗೇ ಎರಡು ಬಿಟ್ಟರು. ಸುಪ್ರಜಾ ಕ್ಯಾನು ಬಿಟ್ಟು ಅಡ್ಡ ನಿಂತಳು. “ಹೊಡೀಬ್ಯಾಡ್ರಿ. ತೊಳೀಲಿಕತ್ತಾರ. ಇನ್ನೊಂದು ಕ್ಯಾನ್ ಕೊಡ್ರಿ ಇಲ್ಲಿ.”

ಎರಡೂ ಕ್ಯಾನು ಮುಗಿಯುವವರೆಗೆ ಕರಿಬಸವ ಮೊಣಕಾಲು ತೆಗೆಯಲಿಲ್ಲ. ಆಮೇಲೆ ಪಕ್ಕಕ್ಕೆ ಉರುಳಿದ.

ಕಲ್ಲು ಸಾಗಿಸುವ ಟೆಂಪೊದಲ್ಲಿ ಇಬ್ಬರನ್ನೂ ಹಾಕಿಕೊಂಡು ಬಳ್ಳಾರಿಗೆ ಹೊರಟರು. ಸುಪ್ರಜಾ ನಡುವೆ ಕೂತಿದ್ದಳು. ಒಂದು ಕೈಯಲ್ಲಿ ಕರಿಬಸವನ ಕೈಗೆ ತನ್ನ ವೇಲನ್ನು ಸುತ್ತಿ ಒತ್ತಿ ಹಿಡಿದಿದ್ದಳು, ಇನ್ನೊಂದು ಕೈಯಿಂದ ಹುಲುಗೇಶನ ಕಣ್ಣಿಗೆ ಬಾಟಲಿಯ ನೀರು ಬಿಡುತ್ತಿದ್ದಳು. ದಾರಿಯಲ್ಲಿ ಹುಲುಗೇಶ್ ಹೇಳಿದ:

“ಇಂವ ಯಾರಂತ ಗೊತ್ತೇನ್ರಿ ನಿಮಗ? ನನ್ನ ಬಲಗಣ್ಣು ತೆಗೆದವ ಇವನ. ಇದ ಹಾಲು ಹಿಂಡಿ.”

ಸುಪ್ರಜಾ ಕರಿಬಸವನ ಕಡೆ ತಿರುಗಿದಳು.

“ಹೌದ್ರಿ” ಅಂದ ಅವನು. “ಎರಡೂ ಕಣ್ಣಿಗಿ ಹಿಂಡಿದ್ದೆ. ಒಂದು ಉಳೀತು.”

ಅವಳು ವೇಲು ಹಿಡಿದ ಕೈ ಬಿಡಲಿಲ್ಲ. ಆದರೆ ಆಸ್ಪತ್ರೆ ಬರುವ ತನಕ ಮತ್ತೆ ಅವನ ಮುಖ ನೋಡಲಿಲ್ಲ.

ಸಂಜೆ ಪೊಲೀಸರು ಹೇಳಿಕೆಗೆ ಬರುವ ಮುಂಚೆ ಕರಿಬಸವ ಅವಳನ್ನು ಮಂಚದ ಹತ್ತಿರ ಕರೆದ. ಮೈತುಂಬ ಹೊಲಿಗೆ. ಮಾತು ತೊದಲುತ್ತಿತ್ತು.

“ಮೇಡಂ, ಕಲ್ಲಿನ ಮಿಷನ್ನಿಗಿ ಸಿಕ್ಕೆ ಅಂತ ಹೇಳ್ತೀನ್ರಿ. ನೀವೂ ಹಂಗ ಹೇಳ್ರಿ. ಅವಗ ಮಗಳದಾಳ.”

“ನಾ ಹೇಳಂಗಿಲ್ಲ.”

“ಅವಂದೇನು ತಪ್ಪೈತ್ರಿ? ನಾ ಮಾಡಿದ್ದಕ್ಕ ಅಂವ ಬಂದ.”

“ಅವತ್ತು ನೀವು ಮಾಡಿದ್ದನ್ನ ಏಳೆಂಟು ಜನ ನಿಂತು ನೋಡಿದ್ರಂತ. ಯಾರೂ ನಡುವ ಬರಲಿಲ್ಲಂತ. ನಿಮ್ಮ ತಮ್ಮ ಹೇಳಿದ್ರು.” ಅವಳ ಕಣ್ಣು ಕೆಂಪಾಗಿದ್ದವು, ದನಿ ಗಟ್ಟಿ ಇತ್ತು. “ನಾ ಕಂಡದ್ದನ್ನ ಕಂಡಂಗ ಹೇಳ್ತೀನಿ. ಅವರು ಕಡಿದದ್ದೂ ಹೇಳ್ತೀನಿ, ನೀವು ತೊಳೆದದ್ದೂ ಹೇಳ್ತೀನಿ. ಮುಚ್ಚಿಟ್ರ ಮುಂದಿನ ಸಲ ಇಬ್ಬರೊಳಗ ಒಬ್ರು ಸಾಯ್ತೀರಿ.”

ಹಾಗೇ ಹೇಳಿದಳು. ಹುಲುಗೇಶನ ಮೇಲೆ ಕೊಲೆಯತ್ನದ ಕೇಸಾಯಿತು. ಅವನ ಎಡಗಣ್ಣು ಹತ್ತು ದಿನ ಮಂಜುಮಂಜಾಗಿದ್ದು, ಹನ್ನೆರಡನೇ ದಿನಕ್ಕೆ ತಿಳಿಯಾಯಿತು. ಕೂಡಲೇ ತೊಳೆದದ್ದಕ್ಕೆ ಉಳಿಯಿತು ಎಂದು ಡಾಕ್ಟರು ಮೀನಾಕ್ಷಿಗೆ ಹೇಳಿದರು. ಅವಳು ಕೆಳಗಿನ ವಾರ್ಡಿಗೆ ಬಂದು ಕರಿಬಸವನ ಮಂಚದಿಂದ ನಾಲ್ಕು ಮಾರು ದೂರ ನಿಂತು, “ಕಣ್ಣು ಕಾಣ್ತೈತಂತ” ಎಂದಷ್ಟೇ ಹೇಳಿ ಹೊರಟುಹೋದಳು. ಹುಲುಗೇಶ್ ಎರಡು ತಿಂಗಳು ಒಳಗಿದ್ದು ಜಾಮೀನಿನ ಮೇಲೆ ಬಂದ.

ಸುಪ್ರಜಾಳ ಕುರುಗೋಡಿನ ಕೆಲಸ ಹಾಳಾಗಿತ್ತು. ಹದಿನಾರು ಗಿಡ ಬುಡಕ್ಕೆ ಕಡಿದುಹೋಗಿದ್ದವು, ಮೂರು ವರ್ಷದ ಎಣಿಕೆ ಅಲ್ಲಿಗೆ ನಿಂತಿತು. ಒಂದೂವರೆ ತಿಂಗಳ ಮೇಲೆ ಅವಳು ಕರಿಬಸವನ ಹತ್ತಿರ ಬಂದು, ಮೋಕದ ಜಾಗದಲ್ಲಿ ಹೊಸದಾಗಿ ಶುರು ಮಾಡುವುದಾಗಿ ಹೇಳಿದಳು.

“ನೀವು ಬರ್ತೀರೇನು? ಆದ್ರ ಒಂದು ಮಾತು. ನಿಮ್ಮ ಜೋಡಿ ಒಬ್ಬಾಕಿನೇ ಕೆಲಸ ಮಾಡ್ಲಿಕ್ಕೆ ನನಗ ಹೆದರಿಕಿ ಆಗ್ತದ. ಸುಳ್ಳು ಯಾಕ ಹೇಳ್ಲಿ? ಇನ್ನ ಮ್ಯಾಲೆ ನನ್ನ ವಿದ್ಯಾರ್ಥಿನಿಯರು ಇಬ್ರು ಇರ್ತಾರ.”

“ಹೆದರ್ಬೇಕ್ರಿ” ಅಂದ ಕರಿಬಸವ. “ನನಗೂ ನನ್ನ ಹೆದರಿಕಿ ಐತಿ. ಬರ್ತೀನಿ.”

ಅವನು ಈಗ ಮೋಕದಲ್ಲಿದ್ದಾನೆ. ಮೂರು ಬೆರಳಿನ ಕೈಯಲ್ಲಿ ಕಲ್ಲು ಒಡೆಯಲಾಗದು, ಎಲೆ ತಿರುವಬಹುದು. ಆ ಹುಡುಗಿಯರಿಗೆ ಅವನು ಮೊದಲ ದಿನವೇ ತಾನು ಏನು ಮಾಡಿ ಜೈಲಿಗೆ ಹೋದೆನೆಂದು ಹೇಳಿದ. ಒಬ್ಬಳು ಮರುದಿನ ಬರಲಿಲ್ಲ. ಇನ್ನೊಬ್ಬಳು ಬಂದಳು.

ನಾನು ಅವನನ್ನು ಕಂಡದ್ದು ಬಳ್ಳಾರಿಯ ಕೋರ್ಟಿನಲ್ಲಿ, ನನ್ನದೊಂದು ಬೇರೆ ಕೆಲಸಕ್ಕೆ ಹೋದಾಗ. ಸಾಕ್ಷಿ ಹೇಳಲು ಬಂದಿದ್ದ. ಇದನ್ನೆಲ್ಲ ನನಗೆ ಹೇಳಿದ್ದು ಆ ಪರಿಚಯದ ಮೇಲೆ. ಉದ್ದನೆಯ ಬೆಂಚಿನ ಆ ತುದಿಗೆ ಹುಲುಗೇಶ್, ಈ ತುದಿಗೆ ಕರಿಬಸವ, ನಡುವೆ ಸಾವಂತ್ರಮ್ಮ. ಅಂದು ಕರಿಬಸವ ಒಳಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ, ತೂಬಿನ ಹತ್ತಿರ ತಾನು ಮಾಡಿದ್ದನ್ನೂ ಯಾರೂ ಕೇಳದೆ ಸೇರಿಸಿ ಹೇಳಿದ. ಕಡಿದವನನ್ನು ಬಿಟ್ಟುಬಿಡಿ ಎಂದು ಬೇಡಿದ. ಅದನ್ನು ನಿರ್ಧರಿಸುವುದು ನೀನಲ್ಲ ಎಂದರು ನ್ಯಾಯಾಧೀಶರು. ಅವನ ಪಾಟಿಸವಾಲಿಗೂ ಉಳಿದ ಸಾಕ್ಷಿಗಳಿಗೂ ಕೇಸು ಮುಂದಕ್ಕೆ ಹೋಯಿತು.

ಹೊರಗೆ ಬಂದಾಗ ಸಾವಂತ್ರಮ್ಮ ಚಹಾ ತರಲು ಹೋಗಿದ್ದಳು. ಅಣ್ಣತಮ್ಮಂದಿರು ಮೆಟ್ಟಿಲ ಮೇಲೆ ನಿಂತಿದ್ದರು, ನಡುವೆ ನಾಲ್ಕು ಮೆಟ್ಟಿಲು. ಹುಲುಗೇಶ್ ರಸ್ತೆಯ ಕಡೆ ನೋಡುತ್ತಲೇ ಮಾತಾಡಿದ. ಟೆಂಪೊದ ದಿನದ ಮೇಲೆ ಅವನು ಅಣ್ಣನೊಂದಿಗೆ ಆಡಿದ ಮೊದಲ ಮಾತದು.

“ಬರೋ ತಿಂಗಳು ಇಪ್ಪತ್ನಾಕಕ್ಕ ಐತಂತ. ಹತ್ತಕ್ಕ ಬಾ. ಇವತ್ತು ನೀ ತಡ ಮಾಡಿದ್ದಕ್ಕ ವಕೀಲ ನನ್ನ ತಲಿ ತಿಂದಾನ.”

“ಮೋಕದ ಬಸ್ ತಡ ಆತು” ಅಂದ ಕರಿಬಸವ.

“ಮುಂಚಿನ ಬಸ್ಸಿಗಿ ಬಾ” ಎಂದು ಹೇಳಿ ಹುಲುಗೇಶ್ ಮೆಟ್ಟಿಲಿಳಿದು ಹೋದ.